ಇಂದಿನ ಸೂಪರ್‌ಕಾರೋ, ಜಿಟಿ40 ರೆಪ್ಲಿಕಾನೋ? ಕೊಳ್ಳುವ ಮುಂಚೆ ನೋಡಬೇಕಾದ್ದು

1960ರ ದಶಕದ ರೇಸ್ ಕಾರು ಫೋರ್ಡ್ ಜಿಟಿ40ಯ ಚೆನ್ನಾಗಿ ಕಟ್ಟಿದ ರೆಪ್ಲಿಕಾದ, ಅಂದರೆ ನಕಲಿನ, ಬೆಲೆ ಈಗ ಸೆಕೆಂಡ್‌ಹ್ಯಾಂಡ್ ಸೂಪರ್‌ಕಾರಿನ ಬೆಲೆಯ ಹತ್ತಿರಕ್ಕೆ ಬಂದಿದೆ. ಹಾಗಾಗಿ ಎರಡರಲ್ಲಿ ಯಾವುದು ಎಂಬ ಪ್ರಶ್ನೆ ಏಳುತ್ತಲೇ ಇರುತ್ತದೆ. ಬಹಳಷ್ಟು ಜನ ಅಶ್ವಶಕ್ತಿ, ಸೊನ್ನೆಯಿಂದ ನೂರರ ಲೆಕ್ಕ ಹಿಡಿದು ಕೂರುತ್ತಾರೆ. ಅದರಿಂದ ತೀರ್ಮಾನ ಆಗುವುದಿಲ್ಲ, ಏಕೆಂದರೆ ಆ ಲೆಕ್ಕದಲ್ಲಿ ಯಾರು ಗೆಲ್ಲುತ್ತಾರೆ ಎಂಬುದು ಮೊದಲೇ ಗೊತ್ತು. ಸೂಪರ್‌ಕಾರ್ ಕೊಳ್ಳುವಾಗ ನೀವು ದುಡ್ಡು ಕೊಡುವುದು ಒಂದು ಕಂಪನಿಗೆ, ಅದರ ವಾರಂಟಿಗೆ, ಅದರ ಸರ್ವಿಸ್ ಸೆಂಟರಿಗೆ. ರೆಪ್ಲಿಕಾ ಕೊಳ್ಳುವಾಗ ದುಡ್ಡು ಹೋಗುವುದು ಅದನ್ನು ಜೋಡಿಸಿದವನ ಕೈಕೆಲಸಕ್ಕೆ. ಒಂದೇ ಕಾರ್ಖಾನೆಯ ಬಾಡಿ, ಒಂದೇ ಚಾಸಿಸ್ ಇದ್ದ ಎರಡು ರೆಪ್ಲಿಕಾಗಳಲ್ಲಿ ಒಂದು ಇಡೀ ದಿನ ಓಡಿಸಿದರೂ ತಕರಾರು ಮಾಡುವುದಿಲ್ಲ, ಇನ್ನೊಂದು ಮೊದಲ ಸಿಗ್ನಲ್ಲಿನಲ್ಲೇ ಕುದಿಯುತ್ತದೆ.

ಅಂಕಿಗಳನ್ನು ಬೇಗ ಮುಗಿಸೋಣ. ಫೆರಾರಿ 296 ಜಿಟಿಬಿಯಲ್ಲಿ 3 ಲೀಟರಿನ 120 ಡಿಗ್ರಿ ವಿ6, ಎರಡು ಟರ್ಬೊ, ಎಲೆಕ್ಟ್ರಿಕ್ ಮೋಟರ್, ಎಲ್ಲ ಸೇರಿ 830 ಅಶ್ವಶಕ್ತಿ. ಒಣ ತೂಕ 1,470 ಕಿಲೋ. ನೂರು ಮುಟ್ಟಲು 2.9 ಸೆಕೆಂಡ್. ಮೆಕ್ಲಾರೆನ್ ಆರ್ಟುರಾ ಕೂಡ ಹೆಚ್ಚುಕಡಿಮೆ ಅದೇ ಸೂತ್ರದ್ದು: 3 ಲೀಟರ್, ಎರಡು ಟರ್ಬೊ, 7.4 ಕಿಲೋವಾಟ್-ಅವರ್ ಬ್ಯಾಟರಿ, ಮೊದಲು ಬಂದಾಗ 680 ಅಶ್ವಶಕ್ತಿ. ಜಿಟಿ40 ರೆಪ್ಲಿಕಾ 1,100 ಕಿಲೋ ಆಸುಪಾಸು ತೂಗುತ್ತದೆ. ಫೋರ್ಡಿನ ಸ್ಮಾಲ್ ಬ್ಲಾಕ್ (ಚಿಕ್ಕ ಗಾತ್ರದ) ವಿ8 ಇಟ್ಟರೆ 350ರಿಂದ 450 ಅಶ್ವಶಕ್ತಿ ಸಲೀಸು. ಹೆಸರಿನಲ್ಲಿರುವ 40 ಕಾರಿನ ಎತ್ತರ, ಇಂಚಿನಲ್ಲಿ. ಅಂದರೆ ಒಂದು ಮೀಟರಿಗಿಂತ ಚೂರು ಹೆಚ್ಚು. 296ರ ಎತ್ತರ 1,187 ಮಿಲಿಮೀಟರ್. ಕಾಗದದ ಮೇಲೆ ಹದಿನೇಳು ಸೆಂಟಿಮೀಟರಿನ ವ್ಯತ್ಯಾಸ ಸಣ್ಣದಾಗಿ ಕಾಣುತ್ತದೆ. ಹತ್ತಿ ಕೂರುವಾಗ ಮಂಡಿಗೆ ಗೊತ್ತಾಗುತ್ತದೆ.

ಸೂಪರ್‌ಕಾರಿನ ಕಡೆಯಿಂದ

ಇದರ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಕಾರು ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಮಳೆಯಲ್ಲೂ ಎಬಿಎಸ್, ಟ್ರಾಕ್ಷನ್ ಕಂಟ್ರೋಲ್ ಕೈಬಿಡುವುದಿಲ್ಲ. ಎಸಿ ತಣ್ಣಗಿರುತ್ತದೆ, ಗುಂಡಿ ಒತ್ತಿದರೆ ಮೂತಿ ಮೇಲೇಳುತ್ತದೆ, ಟ್ರಾಫಿಕ್ಕಿನಲ್ಲಿ ಎಂಜಿನ್ ಆಫ್ ಮಾಡಿಕೊಂಡು ಬ್ಯಾಟರಿ ಮೇಲೆ ಸದ್ದಿಲ್ಲದೆ ತೆವಳುತ್ತದೆ. ದೂರು ಒಂದೇ: ಎರಡನೇ ಗೇರಿನ ತುದಿ ಮುಟ್ಟುವಷ್ಟರಲ್ಲಿ ಬಹುತೇಕ ಸಾರ್ವಜನಿಕ ರಸ್ತೆಗಳ ವೇಗದ ಮಿತಿ ದಾಟಿರುತ್ತದೆ. ಉಳಿದ ಆರು ಗೇರುಗಳು ಟ್ರ್ಯಾಕಿನ ದಿನಕ್ಕೆ ಮೀಸಲು.

ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಎಂಜಿನ್ನಿಗಿಂತ ಮೊದಲು 12 ವೋಲ್ಟಿನ ಬ್ಯಾಟರಿಯ ಬಗ್ಗೆ ಕೇಳಿ. ಕಾರು ನಿಂತಿದ್ದರೂ ಅಲಾರ್ಮು, ಟ್ರ್ಯಾಕರ್, ಕಂಟ್ರೋಲ್ ಯೂನಿಟ್‌ಗಳು ಕರೆಂಟ್ ಎಳೆಯುತ್ತಲೇ ಇರುತ್ತವೆ. ಚಾರ್ಜರ್ ಹಾಕದೆ ಕೆಲವು ವಾರ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ. ವೋಲ್ಟೇಜ್ ಕುಸಿದಾಗ ಒಂದರ ಹಿಂದೊಂದು ಎಚ್ಚರಿಕೆ ದೀಪ ಹತ್ತುತ್ತವೆ. ಎಷ್ಟೋ ಸಲ ಕಾಯಿಲೆ ಎಂದು ಕಂಡಿದ್ದು ಬರೀ ಬ್ಯಾಟರಿಯದ್ದಾಗಿರುತ್ತದೆ. ಬಾಗಿಲು, ಮುಂದಿನ ಡಿಕ್ಕಿ ಎರಡೂ ಎಲೆಕ್ಟ್ರಿಕ್ ಲಾಕಿನದ್ದಾದರೆ, ಕರೆಂಟಿಲ್ಲದಾಗ ಕೈಯಿಂದ ಎಳೆದು ತೆರೆಯುವ ತಂತಿ ಎಲ್ಲಿದೆ ಎಂದು ಮ್ಯಾನ್ಯುಯಲ್ ನೋಡಿ ಇವತ್ತೇ ತಿಳಿದುಕೊಳ್ಳಿ. ಮ್ಯಾನ್ಯುಯಲ್ಲು ಕಾರಿನೊಳಗೇ ಸಿಕ್ಕಿಹಾಕಿಕೊಂಡ ಮೇಲೆ ಪ್ರಯೋಜನವಿಲ್ಲ.

ಆಮೇಲೆ ಕಾರ್ಬನ್ ಸೆರಾಮಿಕ್ ಬ್ರೇಕು. ಕಬ್ಬಿಣದ ಡಿಸ್ಕಿನ ಹಾಗೆ ದಪ್ಪ ಅಳೆದರೆ ಇದರ ಸವೆತ ಪೂರ್ತಿ ತಿಳಿಯುವುದಿಲ್ಲ. ಬಿಸಿಗೆ ನಾರು ಸುಟ್ಟು ತೂಕ ಇಳಿಯುತ್ತದೆ, ಆದ್ದರಿಂದ ಇಂಥ ಹಲವು ಡಿಸ್ಕುಗಳ ಮೇಲೆ ಕನಿಷ್ಠ ತೂಕ ಬರೆದಿರುತ್ತದೆ. ಬಿಚ್ಚಿ ತೂಗಿ ನೋಡಬೇಕು. ಟ್ರ್ಯಾಕಿನಲ್ಲಿ ಓಡಿದ ಕಾರಾದರೆ ತೂಗಿಸದೆ ಒಪ್ಪಬೇಡಿ. ಇನ್ನೊಂದು, ಟೈರ್ ಅಂಗಡಿಯಲ್ಲಿ ಚಕ್ರ ತೆಗೆಯುವಾಗ ರಿಮ್ಮು ಜಾರಿ ಡಿಸ್ಕಿನ ಅಂಚಿಗೆ ತಾಗಿದರೆ ಚೂರು ಹಾರುತ್ತದೆ. ಅದಕ್ಕೇ ಬೋಲ್ಟಿನ ತೂತಿಗೆ ಉದ್ದನೆಯ ಗೈಡ್ ಪಿನ್ ತಿರುಗಿಸಿ, ಅದರ ಮೇಲೆ ಚಕ್ರ ಜಾರಿಸಿ ತೆಗೆಯುವುದು ಸರಿಯಾದ ಕ್ರಮ. ಟಾರ್ಚ್ ಹಿಡಿದು ನಾಲ್ಕೂ ಡಿಸ್ಕಿನ ಹೊರ ಅಂಚನ್ನು ಸುತ್ತಲೂ ನೋಡಿ.

ಟೈರು: 296ಕ್ಕೆ ಮುಂದೆ 245/35, ಹಿಂದೆ 305/35, ಎರಡೂ 20 ಇಂಚು. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ಓದಿ. 2321 ಅಂದರೆ 2021ರ 23ನೇ ವಾರ. ಟೈರಿನ ಮೇಲಿನ ಗೀರು ಆಳವಿದ್ದರೂ ಐದಾರು ವರ್ಷ ದಾಟಿದ ರಬ್ಬರು ಗಟ್ಟಿಯಾಗಿರುತ್ತದೆ. ಇಷ್ಟು ಶಕ್ತಿಯ ಕಾರಿನಲ್ಲಿ ಅದನ್ನು ಉಳಿಸಿಕೊಳ್ಳುವುದು ಉಳಿತಾಯವಲ್ಲ.

ದೊಡ್ಡ ಪ್ರಶ್ನೆ ಹೈಬ್ರಿಡ್ ಭಾಗದ್ದು. ಆರ್ಟುರಾದ ಗೇರ್‌ಬಾಕ್ಸಿನಲ್ಲಿ ರಿವರ್ಸ್ ಗೇರೇ ಇಲ್ಲ. ಹಿಂದಕ್ಕೆ ಹೋಗಲು ಎಲೆಕ್ಟ್ರಿಕ್ ಮೋಟರ್ ಉಲ್ಟಾ ತಿರುಗುತ್ತದೆ. ತೂಕ ಉಳಿಸಲು ಜಾಣ ಉಪಾಯ. ಆದರೆ ಹೈ ವೋಲ್ಟೇಜ್ ಕಡೆ ತೊಂದರೆಯಾದರೆ ಅದು ಹೈಬ್ರಿಡ್ ಮೋಡ್‌ಗೆ ಮಾತ್ರ ಸೀಮಿತವಲ್ಲ ಎಂಬುದನ್ನೂ ಅದೇ ಹೇಳುತ್ತದೆ. ಈ ಕೆಲಸ ತರಬೇತಿ ಪಡೆದವರದ್ದು, ಕಂಪನಿಯ ಸ್ಕ್ಯಾನರಿನದ್ದು. ಬೀದಿ ಮೆಕ್ಯಾನಿಕ್ಕು ಎಷ್ಟೇ ಗಟ್ಟಿಗನಾದರೂ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಮುಟ್ಟಬಾರದು. ಫೆರಾರಿ ತನ್ನ ಹೊಸ ಕಾರುಗಳಿಗೆ ಏಳು ವರ್ಷದ ನಿಗದಿತ ನಿರ್ವಹಣೆ ಕೊಡುತ್ತದೆ. ಆದರೆ ಅದು ಎಣ್ಣೆ, ಫಿಲ್ಟರ್, ತಪಾಸಣೆಯಂಥ ನಿಗದಿತ ಸರ್ವಿಸಿಗೆ. ಕೆಟ್ಟದ್ದನ್ನು ಬದಲಿಸುವುದು ವಾರಂಟಿಯ ವಿಷಯ. ಎರಡನ್ನೂ ಒಂದೇ ಎಂದು ಮಾರುವವರಿದ್ದಾರೆ, ಕಾಗದದಲ್ಲಿ ಬೇರೆ ಬೇರೆಯಾಗಿ ಓದಿ.

ರೆಪ್ಲಿಕಾ: ಮೊದಲು ಚಾಸಿಸ್, ಆಮೇಲೆ ಗೇರ್‌ಬಾಕ್ಸ್

1966ರಿಂದ 1969ರವರೆಗೆ ಸತತ ನಾಲ್ಕು ಸಲ ಲೆ ಮಾನ್ ಗೆದ್ದ ಕಾರು ಇದು. ಅದರಲ್ಲೂ 1075 ಸಂಖ್ಯೆಯ ಒಂದೇ ಚಾಸಿಸ್ 1968 ಮತ್ತು 1969 ಎರಡನ್ನೂ ಗೆದ್ದಿತು. ಅಸಲಿ ಕಾರು ಸಿಗುವ ಮಾತಿಲ್ಲ. ಆದ್ದರಿಂದ ರೆಪ್ಲಿಕಾಗಳ ದೊಡ್ಡ ಮಾರುಕಟ್ಟೆಯೇ ಬೆಳೆದಿದೆ, ಆದರೆ ಎಲ್ಲವೂ ಒಂದೇ ಜಾತಿಯಲ್ಲ. ಸೂಪರ್‌ಫಾರ್ಮೆನ್ಸ್ ಹೆಸರಿನಲ್ಲಿ ಬರುವುದಕ್ಕೆ ಅಸಲಿಯಂತೆಯೇ ಉಕ್ಕಿನ ತಗಡಿನ ಮಾನೊಕಾಕ್, ಅಂದರೆ ತಗಡಿನ ಪೆಟ್ಟಿಗೆಯೇ ಭಾರ ಹೊರುವ ಚಾಸಿಸ್. ಆರ್‌ಸಿಆರ್ ಕಂಪನಿಯದ್ದು ಅಲ್ಯೂಮಿನಿಯಂ ಮಾನೊಕಾಕ್. ಸಿಎವಿಯದ್ದು ಸ್ಟೇನ್‌ಲೆಸ್ ಸ್ಟೀಲು. ಬ್ರಿಟನ್ನಿನ ಹಳೆಯ ಜಿಟಿಡಿ ಕಿಟ್‌ಗಳದ್ದು ಕೊಳವೆಗಳ ಸ್ಪೇಸ್‌ಫ್ರೇಮ್. ಉಕ್ಕಿನದ್ದಾದರೆ ಸಿಲ್ಲಿನ (ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ) ಒಳಗೆ ತುಕ್ಕು ಹುಡುಕಿ. ಜಿಟಿ40ಯಲ್ಲಿ ಪೆಟ್ರೋಲ್ ಟ್ಯಾಂಕುಗಳು ಎರಡೂ ಬದಿಯ ಸಿಲ್ಲಿನೊಳಗೇ ಇರುತ್ತವೆ. ಟ್ಯಾಂಕಿಗೂ ತಗಡಿಗೂ ನಡುವೆ ನೀರು ನಿಂತರೆ ಹೊರಗಿನಿಂದ ಕಾಣುವುದೇ ಇಲ್ಲ. ಸಣ್ಣ ಕ್ಯಾಮೆರಾ ತೂರಿಸಿ ನೋಡಬೇಕು. ಬಾಡಿ ಫೈಬರ್‌ಗ್ಲಾಸ್; ಹಿಂಜುಗಳ ಸುತ್ತ ಜೇಡರ ಬಲೆಯಂಥ ಬಿರುಕು ಇದ್ದರೆ ಬಾಗಿಲೋ ಹಿಂದಿನ ಮುಚ್ಚಳವೋ ಸರಿಯಾಗಿ ಕೂತಿಲ್ಲ ಎಂದರ್ಥ.

ಬಣ್ಣದ ಬಗ್ಗೆ ಒಂದು ಮಾತು. 2ನೇ ನಂಬರಿನ ಕಪ್ಪು ಕಾರು, ಅಂದರೆ 1966ರಲ್ಲಿ ಬ್ರೂಸ್ ಮೆಕ್ಲಾರೆನ್ ಮತ್ತು ಕ್ರಿಸ್ ಏಮನ್ ಗೆದ್ದದ್ದು, 7 ಲೀಟರಿನ ಮಾರ್ಕ್ 2 ಮಾದರಿ. ಅದೇ ಬಣ್ಣವನ್ನು ಸಣ್ಣ ಎಂಜಿನ್ನಿನ ಮಾರ್ಕ್ 1ರ ಬಾಡಿಗೆ ಬಳಿದು, ಒಳಗೆ 302 ಕ್ಯೂಬಿಕ್ ಇಂಚಿನ (ಸುಮಾರು 5 ಲೀಟರ್) ಸ್ಮಾಲ್ ಬ್ಲಾಕ್ ಎಂಜಿನ್ ಇಟ್ಟು ‘ಲೆ ಮಾನ್ ವಿಜೇತನ ನಕಲು’ ಎಂದು ಮಾರುತ್ತಾರೆ. ಕಾರು ಓಡುವುದಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ಕಣ್ಣಿಗೆ ಕಾಣುವ ಕಡೆಯೇ ಹೀಗಾದರೆ ಕಾಣದ ಕಡೆ ಹೇಗಿರಬಹುದು ಎಂದು ಸ್ವಲ್ಪ ಹೆಚ್ಚು ಹೊತ್ತು ಕೆಳಗೆ ಮಲಗಿ ನೋಡಿ.

ರೆಪ್ಲಿಕಾದ ಬೆಲೆ ತೀರ್ಮಾನಿಸುವುದು ಗೇರ್‌ಬಾಕ್ಸು. ಅಸಲಿ ಮಾರ್ಕ್ 1 ಕಾರುಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಜೆಡ್‌ಎಫ್‌ನ ಐದು ಗೇರಿನ 5ಡಿಎಸ್-25. ಅದು ಅಥವಾ ಅದರ ವಂಶದ ಆರ್‌ಬಿಟಿ, ಕ್ವೇಫ್ ಬಾಕ್ಸುಗಳಿದ್ದರೆ ಸ್ಮಾಲ್ ಬ್ಲಾಕಿನ ಟಾರ್ಕಿಗೆ ಹೆದರಬೇಕಿಲ್ಲ. ಇದರಲ್ಲಿ ಒಂದನೇ ಗೇರು ಎಡಕ್ಕೆಳೆದು ಹಿಂದಕ್ಕೆ. ರೇಸಿನಲ್ಲಿ ಮತ್ತೆ ಮತ್ತೆ ಬೇಕಾಗುವ ಎರಡು ಮತ್ತು ಮೂರು ಒಂದೇ ಗೆರೆಯಲ್ಲಿರಲಿ ಎಂದು ಹಾಗೆ. ಎಣ್ಣೆ ತಣ್ಣಗಿದ್ದಾಗ ಎರಡನೇ ಗೇರು ತಕರಾರು ಮಾಡುವುದು ಮಾಮೂಲು, ಬಿಸಿಯಾದ ಮೇಲೂ ಕಿರುಗುಟ್ಟಿದರೆ ಸಿಂಕ್ರೊ (ಗೇರುಗಳ ವೇಗ ಹೊಂದಿಸುವ ಉಂಗುರ) ಹೋಗಿದೆ. ಅಗ್ಗದ ಕಿಟ್‌ಗಳಲ್ಲಿ ರೆನೋ ಅಥವಾ ಆಡಿಯ ಬಾಕ್ಸು ಸಿಗುತ್ತದೆ. ಅವು ಮಾಡಿದ್ದು ಮಾಮೂಲಿ ಫ್ಯಾಮಿಲಿ ಕಾರುಗಳಿಗೆ. ಸಾಧು 302 ಜೊತೆ ನಡೆಯುತ್ತವೆ, 400ಕ್ಕೂ ಹೆಚ್ಚು ಅಶ್ವಶಕ್ತಿಯ ಸ್ಟ್ರೋಕರ್ (ಪಿಸ್ಟನ್ನಿನ ಓಟ ಉದ್ದ ಮಾಡಿ ಹಿಗ್ಗಿಸಿದ ಎಂಜಿನ್) ಜೋಡಿಸಿ ಅಂಟುವ ಟೈರಿನ ಮೇಲೆ ಕ್ಲಚ್ ಬಿಟ್ಟರೆ ಹಲ್ಲು ಉದುರುತ್ತವೆ. ಪೋರ್ಶೆ 911ರ ಬಾಕ್ಸಾದರೆ ಅದು ಎಂಜಿನ್ನಿನ ಮುಂದಿರುವುದಕ್ಕೆ ಮಾಡಿದ್ದು. ಇಲ್ಲಿ ಎಂಜಿನ್ನಿನ ಹಿಂದೆ ಹೋಗುತ್ತದೆ. ಒಳಗಿನ ಕ್ರೌನ್ ವೀಲನ್ನು (ಚಕ್ರಗಳ ಕಡೆಗೆ ಶಕ್ತಿ ತಿರುಗಿಸುವ ದೊಡ್ಡ ಹಲ್ಲುಗಾಲಿ) ಆಚೆ ಬದಿಗೆ ತಿರುಗಿಸಿ ಕೂರಿಸದಿದ್ದರೆ ಮುಂದಕ್ಕೆ ಒಂದು ಗೇರು, ಹಿಂದಕ್ಕೆ ಐದು! ಆ ಕೆಲಸ ಮಾಡಿದವರು ಯಾರು, ಬಿಲ್ ಇದೆಯೇ ಎಂದು ಕೇಳಿ.

ಎಂಜಿನ್ನಿನಲ್ಲೂ ಇಂಥದ್ದೇ ಒಂದು ಮಿತಿಯಿದೆ. ಕಾರ್ಖಾನೆಯ 302 ಬ್ಲಾಕು 500 ಅಶ್ವಶಕ್ತಿ ದಾಟಿದಾಗ ಎರಡು ಸಾಲು ಸಿಲಿಂಡರುಗಳ ನಡುವಿನ ಲಿಫ್ಟರ್ ಕಣಿವೆಯ ಉದ್ದಕ್ಕೂ ಸೀಳುವುದು ಈ ಕಸುಬಿನವರಿಗೆಲ್ಲ ಗೊತ್ತು. ಅದಕ್ಕಿಂತ ಹೆಚ್ಚು ಬೇಕಾದರೆ ದಪ್ಪ ಗೋಡೆಯ ಬೇರೆ ಬ್ಲಾಕೇ ಬೇಕು. ವಾಲ್ವು ತೆರೆಯಲು ಹಳೆಯ ಬಗೆಯ ಫ್ಲಾಟ್ ಟ್ಯಾಪೆಟ್ ಕ್ಯಾಮ್ ಇದ್ದರೆ ಎಣ್ಣೆಯಲ್ಲಿ ಸತುವಿನ ಅಂಶ ಇರಲೇಬೇಕು, ಇಂದಿನ ಮಾಮೂಲಿ ಎಣ್ಣೆ ಹಾಕಿದರೆ ಕ್ಯಾಮಿನ ಉಬ್ಬು ಸವೆಯುತ್ತದೆ. ಬಿಸಿ ಎಂಜಿನ್ನಿನಲ್ಲಿ ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ ಎಣ್ಣೆ ಒತ್ತಡ, ಹಳೆಯ ಲೆಕ್ಕ, ಈಗಲೂ ಸರಿ. ಟ್ರ್ಯಾಕಿಗೆ ಒಯ್ಯುವ ಆಸೆಯಿದ್ದರೆ ಸಂಪಿನಲ್ಲಿ (ಎಂಜಿನ್ನಿನ ತಳದ ಎಣ್ಣೆ ಪಾತ್ರೆ) ಬ್ಯಾಫಲ್, ಅಂದರೆ ಅಡ್ಡ ತಗಡು, ಇದೆಯೇ ಕೇಳಿ. ಇಲ್ಲದಿದ್ದರೆ ಉದ್ದನೆಯ ತಿರುವಿನಲ್ಲಿ ಎಣ್ಣೆ ಪಕ್ಕಕ್ಕೆ ಸರಿದು ಪಂಪು ಗಾಳಿ ಹೀರುತ್ತದೆ, ಬೇರಿಂಗು ಹೋಗುತ್ತದೆ.

ಕುದಿಯುವ ಕಾರು ಯಾಕೆ ಕುದಿಯುತ್ತದೆ

ಎಂಜಿನ್ ಬೆನ್ನ ಹಿಂದೆ, ರೇಡಿಯೇಟರ್ ಮೂತಿಯಲ್ಲಿ. ನಡುವೆ ನೀರು ಉದ್ದನೆಯ ಪೈಪುಗಳಲ್ಲಿ ನೆಲಮಟ್ಟದಲ್ಲಿ ಹೋಗಿ ಬರುತ್ತದೆ. ಗಾಳಿ ಸಿಕ್ಕಿಹಾಕಿಕೊಳ್ಳಲು ಎರಡು ಜಾಗ: ರೇಡಿಯೇಟರಿನ ಮೇಲ್ತುದಿ, ಸಿಲಿಂಡರ್ ಹೆಡ್ಡುಗಳು. ‘ಈ ಕಾರುಗಳು ಬಿಸಿಯಾಗುವುದೇ ಹೀಗೆ’ ಎಂದು ಮಾರುವವನು ಹೇಳಿದರೆ ಒಪ್ಪಬೇಡಿ. ಸರಿಯಾಗಿ ಕಟ್ಟಿದ ಕಾರು ನಿಂತಲ್ಲೇ ಇಪ್ಪತ್ತು ನಿಮಿಷ ಐಡಲ್ ಆದರೂ ಫ್ಯಾನು ಹತ್ತಿ ಆರಿ, ಮುಳ್ಳು 95 ಡಿಗ್ರಿಯೊಳಗೇ ನಿಲ್ಲಬೇಕು. ನೋಡಲು ಹೋದಾಗ ಇದನ್ನೇ ಮಾಡಿಸಿ, ಓಡಿಸುವುದು ಆಮೇಲೆ.

ಗಾಳಿ ತೆಗೆಯುವ ಕ್ರಮ ಹೀಗೆ. ಎಂಜಿನ್ ಪೂರ್ತಿ ತಣ್ಣಗಿರಲಿ. ನೀರು ಸುರಿಯುವ ಹಿಂದಿನ ಟ್ಯಾಂಕು ರೇಡಿಯೇಟರಿನ ಬ್ಲೀಡ್ ಸ್ಕ್ರೂಗಿಂತ ಎತ್ತರದಲ್ಲಿರಬೇಕು. ಮೂತಿಯನ್ನು ಜಾಕಿನಿಂದ ಅತಿಯಾಗಿ ಎತ್ತಿದವರು ಕೊನೆಯವರೆಗೂ ಗಾಳಿಯನ್ನೇ ನೋಡುತ್ತಿರುತ್ತಾರೆ, ನೀರು ತಾನಾಗಿ ಮೇಲಕ್ಕೆ ಏರುವುದಿಲ್ಲ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ ನಿಧಾನವಾಗಿ ಸುರಿಯಿರಿ. ಮುಂದಿನ ಬ್ಲೀಡ್ ಸ್ಕ್ರೂ ತೆರೆದಿಟ್ಟು, ಗುಳ್ಳೆ ನಿಂತು ಎಳೆಯಾಗಿ ನೀರು ಬಂದಾಗ ಮುಚ್ಚಿ. ಎಂಜಿನ್ ಸ್ಟಾರ್ಟ್ ಮಾಡಿ, ಹೀಟರ್ ಇದ್ದರೆ ಪೂರ್ತಿ ತೆರೆದು, ಥರ್ಮೋಸ್ಟ್ಯಾಟ್ ತೆರೆಯುವವರೆಗೆ ಕಾಯಿರಿ. ಮುಂದಿನ ಎರಡೂ ಪೈಪು ಕೈಗೆ ಬಿಸಿ ತಾಗಿದರೆ ನೀರು ಸುತ್ತುತ್ತಿದೆ. ಒಂದು ತಣ್ಣಗಿದ್ದರೆ ಇನ್ನೂ ಗಾಳಿಯಿದೆ. ಆಫ್ ಮಾಡಿ, ಪೂರ್ತಿ ಆರಿದ ಮೇಲೆ ಮಾತ್ರ ಮುಚ್ಚಳ ತೆಗೆದು ಕಡಿಮೆಯಾದಷ್ಟು ತುಂಬಿ. ವ್ಯಾಕ್ಯೂಮ್ ಫಿಲ್ಲರ್ ಇರುವ ಗ್ಯಾರೇಜಿನಲ್ಲಿ ಇದೆಲ್ಲ ಹತ್ತು ನಿಮಿಷದ ಕೆಲಸ. ಇಷ್ಟಾದರೂ ಕುದಿದರೆ ಫ್ಯಾನಿನ ವೈರ್ ಉಲ್ಟಾ ಇದೆಯೇ ನೋಡಿ. ಒಂದು ಕಾಗದದ ಚೂರು ಹಿಡಿದರೆ ಸಾಕು: ರೇಡಿಯೇಟರಿನ ಮುಂಭಾಗಕ್ಕೆ ಅಂಟಿಕೊಳ್ಳಬೇಕು, ಹಾರಿಹೋದರೆ ಫ್ಯಾನು ಗಾಳಿಯನ್ನು ಮುಂದಕ್ಕೆ ತಳ್ಳುತ್ತಿದೆ.

ವೆಬರ್ ಬೇಕೇ?

ನಾಲ್ಕು ವೆಬರ್ 48 ಐಡಿಎ ಕಾರ್ಬುರೇಟರ್, ಗಾಳಿ ಎಳೆಯುವ ಎಂಟು ತುತ್ತೂರಿ. ನೋಡಲು ಇದಕ್ಕಿಂತ ಚೆಂದದ್ದಿಲ್ಲ. ದಿನಾ ಟ್ರಾಫಿಕ್ಕಿನಲ್ಲಿ ಓಡಿಸುವವರಿಗೆ ಮಾತ್ರ ಇದು ಬೇಡ. ಇದಕ್ಕೆ ಪೆಟ್ರೋಲಿನ ಒತ್ತಡ 3ರಿಂದ 3.5 ಪಿಎಸ್‌ಐ ಸಾಕು. ರೆಗ್ಯುಲೇಟರ್ ಇಲ್ಲದ ಎಲೆಕ್ಟ್ರಿಕ್ ಪಂಪು ಹಾಕಿದರೆ ಫ್ಲೋಟಿನ ಸೂಜಿ ತಡೆಯಲಾರದೆ ಪೆಟ್ರೋಲು ಉಕ್ಕುತ್ತದೆ, ಅದೂ ಕಾದ ಎಂಜಿನ್ನಿನ ಮೇಲೆ. ಹೆಚ್ಚು ಕಾಡುವುದು ಐಡಲ್ ಜೆಟ್, ಅಂದರೆ ನಿಧಾನ ಓಟಕ್ಕೆ ಪೆಟ್ರೋಲು ಬಿಡುವ ತೂತು. ತೂತು ಎಷ್ಟು ಸಣ್ಣದೆಂದರೆ ಕಣ್ಣಿಗೆ ಕಾಣದ ಕಸವೂ ಅದನ್ನು ಮುಚ್ಚುತ್ತದೆ. ಆಗ ಕಾರು ಮೆಲ್ಲಗೆ ಹೋಗುವಾಗ ಕೆಮ್ಮುತ್ತದೆ, ತುತ್ತೂರಿಯಿಂದ ಪಟ್ ಎಂದು ಉಗುಳುತ್ತದೆ, ವೇಗ ಏರಿದರೆ ಸರಿಹೋಗುತ್ತದೆ. ಎಂಟರಲ್ಲಿ ಯಾವುದು ಎಂದು ಕಂಡುಹಿಡಿಯಲು ಇನ್ಫ್ರಾರೆಡ್ ಥರ್ಮಾಮೀಟರನ್ನು ಎಕ್ಸಾಸ್ಟ್ ಪೈಪುಗಳ ಬುಡಕ್ಕೆ ಒಂದೊಂದಾಗಿ ತೋರಿಸಿ. ಉಳಿದ ಏಳು ಸುಡುತ್ತಿರುವಾಗ ಒಂದು ತಣ್ಣಗಿರುತ್ತದೆ. ಆ ಸಿಲಿಂಡರಿನ ಜೆಟ್ಟನ್ನು ಹೊರಗಿನಿಂದಲೇ ಬಿಚ್ಚಬಹುದು, ಕಾರ್ಬುರೇಟರ್ ಇಳಿಸಬೇಕಿಲ್ಲ. ಗಾಳಿ ಊದಿ ಶುಚಿ ಮಾಡಿ. ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಆ ಜೆಟ್ಟಿನ ಅಳತೆಯೇ ಕೆಟ್ಟಂತೆ.

ವೆಬರ್‌ನಂತೆ ಕಾಣುವ ಫ್ಯುಯೆಲ್ ಇಂಜೆಕ್ಷನ್ ಸಿಗುತ್ತದೆ. ಶುದ್ಧವಾದಿಗಳು ಮೂಗು ಮುರಿಯಲಿ, ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಹೊರಡಬೇಕೆನ್ನುವವರಿಗೆ ಅದೇ ಸರಿ. ಯಾವುದಿದ್ದರೂ ಪೆಟ್ರೋಲ್ ಹೋಸು ಎಥನಾಲ್ ತಡೆಯುವ ದರ್ಜೆಯದ್ದಾಗಿರಲಿ. ಹಳೆಯ ರಬ್ಬರು ಒಳಗಿನಿಂದ ಕರಗಿ, ಆ ಚೂರುಗಳೇ ಜೆಟ್ಟಿಗೆ ಬಂದು ಕೂರುತ್ತವೆ.

ಹಿಂದೆ ಹಾವಿನ ಗಂಟಿನಂತೆ ಹೆಣೆದ ಎಕ್ಸಾಸ್ಟ್ ಬರೀ ಅಲಂಕಾರವಲ್ಲ. ಎರಡು ಬದಿಯ ಸಿಲಿಂಡರುಗಳನ್ನು ಅಡ್ಡಡ್ಡ ದಾಟಿಸಿ, ಪ್ರತಿ ಕಲೆಕ್ಟರಿಗೆ (ನಾಲ್ಕು ಪೈಪು ಕೂಡುವ ಜಾಗ) ಸಮ ಅಂತರದಲ್ಲಿ ಹೊಗೆ ತಲುಪಿಸುತ್ತದೆ. ಕೆಳಗೆ ಬಗ್ಗಿ ಪೈಪು ಹಿಡಿದು ಲೆಕ್ಕ ಹಾಕಿ: ಒಂದು ಕಲೆಕ್ಟರಿಗೆ 1, 4, 6, 7 ಬರಬೇಕು, ಇನ್ನೊಂದಕ್ಕೆ 2, 3, 5, 8. ಹಳೆಯ 302ರ ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-5-4-2-6-3-7-8, ಅದಕ್ಕಿಂತ ದೊಡ್ಡ 351 ವಿಂಡ್ಸರ್ ಎಂಜಿನ್ನಿನದ್ದು 1-3-7-2-6-5-4-8. ಆರ್ಡರ್ ಬೇರೆಯಾದರೂ ಗುಂಪು ಇದೇ. ಆದರೆ 351ರ ಬ್ಲಾಕು ಎತ್ತರ, ಆದ್ದರಿಂದ 302ರ ಪೈಪು ತಂದು ಅದಕ್ಕೆ ಕೂರಿಸಲು ಹೋದರೆ ಹೊಂದುವುದಿಲ್ಲ.

ಬ್ರೇಕು, ಟ್ರ್ಯಾಕು, ಕಾಗದ

ರೆಪ್ಲಿಕಾದಲ್ಲಿ ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಪೆಟ್ರೋಲು ನಿಮ್ಮ ಎರಡೂ ಪಕ್ಕದಲ್ಲಿದೆ. ಇದನ್ನು ತಿಳಿದೇ ಕೂರಬೇಕು. ನಿಜವಾದ ಬೆಂಕಿ ಆರಿಸುವ ವ್ಯವಸ್ಥೆ, ಕೈಗೆಟುಕುವ ಬ್ಯಾಟರಿ ಕಟ್-ಆಫ್ ಸ್ವಿಚ್ ಇಲ್ಲದ ಕಾರನ್ನು ಬೆಲೆ ಇಳಿಸಿದರೂ ಹಾಗೇ ಓಡಿಸಬೇಡಿ. ಮುಂದಿನ ಬ್ರೇಕಿಗೆ ಒಂದು, ಹಿಂದಿನದಕ್ಕೆ ಒಂದು ಮಾಸ್ಟರ್ ಸಿಲಿಂಡರ್, ನಡುವೆ ಎರಡಕ್ಕೂ ಒತ್ತಡ ಹಂಚುವ ಬಯಾಸ್ ಬಾರ್. ಖಾಲಿ ಜಾಗದಲ್ಲಿ ಒತ್ತಿ ನೋಡಿದಾಗ ಮುಂದಿನ ಚಕ್ರಗಳೇ ಮೊದಲು ಲಾಕ್ ಆಗಬೇಕು. ಹಿಂದಿನವು ಮೊದಲು ನಿಂತರೆ ಕಾರು ಗಿರ್ರೆಂದು ತಿರುಗುತ್ತದೆ. ಬಾರಿನ ಸ್ಕ್ರೂ ಅರ್ಧರ್ಧ ಸುತ್ತು ತಿರುಗಿಸಿ ಸರಿಮಾಡಿ, ಆಮೇಲೆ ನಟ್ಟು ಬಿಗಿದು ಗುರುತು ಹಾಕಿ.

ಟ್ರ್ಯಾಕಿನಲ್ಲಿ ಲ್ಯಾಪ್ ಸಮಯ ಬೇಕೆನ್ನುವವರು ಸೂಪರ್‌ಕಾರೇ ತೆಗೆದುಕೊಳ್ಳಲಿ. ಆದರೆ ಅದರ ತೂಕ ಮತ್ತು ಶಕ್ತಿ ಮೆತ್ತನೆಯ ಟೈರನ್ನು ಎಷ್ಟು ಬೇಗ ತಿನ್ನುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಲಿ. ರೆಪ್ಲಿಕಾದ ಕಬ್ಬಿಣದ ಡಿಸ್ಕು, 15 ಇಂಚಿನ ಟೈರು, ಪ್ಯಾಡು ಎಲ್ಲ ಅದರ ಮುಂದೆ ಪುಡಿಗಾಸು. ಬ್ರೇಕ್ ಎಣ್ಣೆಯನ್ನು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿದರೆ ಆಯಿತು. ಹಳೆಯ ಕಾರುಗಳ ಅಧಿಕೃತ ರೇಸಿಗೆ ಇಳಿಯುವ ಕನಸಿದ್ದರೆ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎಯ ಹಿಸ್ಟಾರಿಕ್ ಟೆಕ್ನಿಕಲ್ ಪಾಸ್‌ಪೋರ್ಟ್ ಬೇಕು. ಅದು ಕಾರು ಆ ಕಾಲದ ನಿರ್ದಿಷ್ಟ ವಿವರಕ್ಕೆ ಹೊಂದುತ್ತದೆ ಎಂದಷ್ಟೇ ಹೇಳುವ ಕಾಗದ, ಅಸಲಿಯೆಂಬ ಸರ್ಟಿಫಿಕೇಟ್ ಅಲ್ಲ. ಸಾಮಾನ್ಯ ಕಿಟ್ ಕಾರಿಗೆ ಅದರ ಆಸೆ ಬೇಡ.

ರೆಪ್ಲಿಕಾ ಯಾವ ವರ್ಷದ್ದೆಂದು ನೋಂದಣಿಯಾಗಿದೆ, ಚಾಸಿಸ್ ನಂಬರ್ ಕಾಗದಕ್ಕೂ ತಗಡಿಗೂ ಒಂದೇ ಇದೆಯೇ, ಎಂಜಿನ್ ನಂಬರ್ ಸೇರಿದೆಯೇ ನೋಡಿ. ನಿಯಮ ದೇಶದಿಂದ ದೇಶಕ್ಕೆ ಬೇರೆ, ಆದರೆ ಕಟ್ಟಿದ್ದು 1990ರ ದಶಕದಲ್ಲಿ, ಪುಸ್ತಕದಲ್ಲಿ 1966 ಎಂದಿದ್ದರೆ ಎಲ್ಲಿದ್ದರೂ ಅದು ತಲೆನೋವೇ. ವಿಮೆಯನ್ನು ಮೊದಲೇ ಒಪ್ಪಿದ ಮೌಲ್ಯಕ್ಕೆ ಮಾಡಿಸಿ, ಇಲ್ಲದಿದ್ದರೆ ಅಪಘಾತವಾದಾಗ ಸರ್ವೇಯರು ಅದನ್ನು ಫೈಬರ್ ಬಾಡಿಯ ಹಳೆ ಕಾರೆಂದು ಬೆಲೆ ಕಟ್ಟುತ್ತಾನೆ.

ನಮ್ಮ ತೀರ್ಪು: ಸ್ಪ್ಯಾನರ್ ಹಿಡಿಯುವ ಅಭ್ಯಾಸವೂ ಇಲ್ಲ, ಹಿಡಿಯುವ ನಂಬಿಕಸ್ಥ ಮನುಷ್ಯನೂ ಹತ್ತಿರದಲ್ಲಿಲ್ಲ ಎಂದಾದರೆ ವಾರಂಟಿ ಉಳಿದಿರುವ 296 ಅಥವಾ ಆರ್ಟುರಾ. ಸ್ಟಿಯರಿಂಗಿನಲ್ಲಿ ಇನ್ನೂ ಹೈಡ್ರಾಲಿಕ್ ಉಳಿಸಿಕೊಂಡಿರುವ ಆರ್ಟುರಾ ರಸ್ತೆಯ ಬಗ್ಗೆ ಕೈಗೆ ಹೆಚ್ಚು ಹೇಳುತ್ತದೆ. ಆ ಅಭ್ಯಾಸವೋ ಅಂಥ ಮನುಷ್ಯನೋ ಇದ್ದರೆ ರೆಪ್ಲಿಕಾ, ಆದರೆ ಮಾನೊಕಾಕ್ ಚಾಸಿಸ್, ಜೆಡ್‌ಎಫ್ ವಂಶದ ಬಾಕ್ಸ್, 400 ಅಶ್ವಶಕ್ತಿಯ ಸುತ್ತಲಿನ ಎಂಜಿನ್ ಇದ್ದರೆ ಮಾತ್ರ. ಎರಡರ ನಡುವೆ ತೂಗಾಡುವವರಿಗೆ 2005-06ರ ಫೋರ್ಡ್ ಜಿಟಿ ಇದೆ: 5.4 ಲೀಟರ್ ಸೂಪರ್‌ಚಾರ್ಜ್ಡ್ ವಿ8, 550 ಅಶ್ವಶಕ್ತಿ, ಆರು ಗೇರಿನ ಮ್ಯಾನ್ಯುಯಲ್, ಜೊತೆಗೆ ಎಬಿಎಸ್ ಮತ್ತು ಏರ್‌ಬ್ಯಾಗ್. ಅದರ ಮೊದಲ ಕಾರುಗಳ ಎರಕದ ಸಸ್ಪೆನ್ಷನ್ ಆರ್ಮುಗಳನ್ನು ಕಂಪನಿಯೇ ವಾಪಸ್ ಕರೆದು ಬದಲಿಸಿತ್ತು. ಆ ದಾಖಲೆ ಕೇಳಿ ತೆಗೆದುಕೊಳ್ಳಿ.

ರೆಪ್ಲಿಕಾ ಎಂದು ಮನಸ್ಸು ಮಾಡಿದವರು ಮಾತುಕತೆಗೆ ಮುಂಚೆ ಓಡಿಸುವ ಬೂಟು, ಹೆಲ್ಮೆಟ್ ಎರಡನ್ನೂ ಹಾಕಿಕೊಂಡು ಒಳಗೆ ಕೂತು ಬಾಗಿಲು ಮುಚ್ಚಿ ನೋಡಲಿ. ಬಾಗಿಲಿನ ಮೇಲ್ಭಾಗ ಛಾವಣಿಯ ಒಂದು ತುಂಡೇ ಆದ್ದರಿಂದ, ತೆರೆದಿದ್ದಾಗ ಸಾಕಷ್ಟು ಜಾಗವಿದೆ ಅನಿಸಿದ್ದು ಮುಚ್ಚಿದಾಗ ಇರುವುದಿಲ್ಲ. ಎತ್ತರದ ರೇಸ್ ಚಾಲಕ ಡ್ಯಾನ್ ಗರ್ನಿಗಾಗಿ ಛಾವಣಿಯಲ್ಲಿ ಒಂದು ಉಬ್ಬನ್ನೇ ಮಾಡಿದ್ದರು, ಕೆಲವು ತಯಾರಕರು ಈಗಲೂ ಕೇಳಿದರೆ ಮಾಡಿಕೊಡುತ್ತಾರೆ. ಪೆಡಲುಗಳ ನಡುವೆ ಅಗಲದ ಬೂಟು ಹಿಡಿಯದಿದ್ದರೆ ಮಾತ್ರ ಅದಕ್ಕೆ ಉಬ್ಬಿನಂಥ ಪರಿಹಾರವಿಲ್ಲ, ಬೂಟೇ ಬದಲಿಸಬೇಕು.